ಒಂದನೇ ಜೇಮ್ಸನ ಕೊಲೆ ಮತ್ತು ತೀರದ ಬಾಕಿ

ಮಾನ್ಯ ಸಂಪಾದಕರೇ,

ಮಧ್ಯಯುಗದ ಸ್ಕಾಟ್ಲೆಂಡ್ ದೊರೆಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಒಂದನೇ ಜೇಮ್ಸನ ಕೊಲೆಯನ್ನು ರಾಣಿಯ ಸಖಿ ಕ್ಯಾಥರಿನ್ ಡಗ್ಲಾಸಳ ಕಥೆಯಲ್ಲೇ ಮುಗಿಸಿಬಿಟ್ಟಿದೆ. ಕೊಲೆಗಾರರನ್ನು ತಡೆಯಲು ಅಗಳಿಯಿಲ್ಲದ ಬಾಗಿಲಿಗೆ ತೋಳನ್ನೇ ಅಡ್ಡ ಕೊಟ್ಟಳೆಂಬ ಆ ಕಥೆ ಹರಡಿದ್ದು 16ನೇ ಶತಮಾನದ ಚರಿತ್ರಕಾರರಿಂದ. ಅದಕ್ಕಿಂತ ದೊಡ್ಡ ಲೋಪವೆಂದರೆ, ದೊರೆಯ ಮೇಲೆ ಸ್ವಂತ ದಾಯಾದಿಗಳೇ ಯಾಕೆ ಕತ್ತಿ ಎತ್ತಿದರು ಎಂಬುದು ಅದರಲ್ಲಿ ಎಲ್ಲೂ ಇಲ್ಲ.

ಜೇಮ್ಸನ ತಂದೆ, ದೊರೆ ಮೂರನೇ ರಾಬರ್ಟನ ಹಿರಿಯ ಮಗ ಡೇವಿಡ್ 1402ರಲ್ಲಿ ಚಿಕ್ಕಪ್ಪ ಆಲ್ಬನಿಯ ಡ್ಯೂಕನ ವಶದಲ್ಲಿದ್ದಾಗ ಫಾಕ್‌ಲೆಂಡಿನಲ್ಲಿ ಸತ್ತ. ಉಳಿದ ಮಗ, 11 ವರ್ಷದ ಜೇಮ್ಸನನ್ನು 1406ರಲ್ಲಿ ಫ್ರಾನ್ಸಿಗೆ ಸಾಗಿಸುವಾಗ ಹಡಗು ಇಂಗ್ಲಿಷರ ಪಾಲಾಯಿತು. ಕೆಲವೇ ದಿನಗಳಲ್ಲಿ ರಾಬರ್ಟನೂ ತೀರಿಕೊಂಡ. ಹುಡುಗ ದೊರೆ 18 ವರ್ಷ ಪರದೇಶದಲ್ಲಿ ಸೆರೆಯಲ್ಲಿದ್ದ.

1423ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಬಿಡುಗಡೆಯ ಒಪ್ಪಂದವಾಯಿತು. ಮೊತ್ತ 40,000 ಪೌಂಡ್, ಅಂದರೆ 60,000 ಮಾರ್ಕ್. ವರ್ಷಕ್ಕೆ 10,000 ಮಾರ್ಕಿನಂತೆ ಆರು ಕಂತು. ಕಾಗದದಲ್ಲಿ ಇದಕ್ಕೆ ಬಿಡುಗಡೆ ಹಣ ಎನ್ನದೆ, ಜೇಮ್ಸನನ್ನು ಇಷ್ಟು ವರ್ಷ ಸಾಕಿದ ಖರ್ಚು ಎಂದೇ ತೋರಿಸಿದರು. ಅವನು ಇಂಗ್ಲಿಷ್ ರಾಜಮನೆತನದ ಬಂಧು ಜೋನ್ ಬೋಫರ್ಟಳನ್ನು ಮದುವೆಯಾದಾಗ ಒಂದು ಕಂತನ್ನು ವರದಕ್ಷಿಣೆಯ ಲೆಕ್ಕಕ್ಕೆ ಹಾಕಿ ಮನ್ನಾ ಮಾಡಿದರು. ಉಳಿದದ್ದಕ್ಕೆ ಅಡವಾಗಿ ಸಾಮಂತರೂ ಸಾಮಂತರ ಮಕ್ಕಳೂ ಒತ್ತೆಯಾಳುಗಳಾಗಿ ಇಂಗ್ಲೆಂಡಿಗೆ ಹೋದರು.

1424ರ ಪಾರ್ಲಿಮೆಂಟು ಪೌಂಡಿಗೆ 12 ಪೆನ್ನಿ (ಆಗ ಪೌಂಡಿಗೆ 240 ಪೆನ್ನಿ), ಎಂದರೆ ಶೇ. 5ರ ತೆರಿಗೆಗೆ ಒಪ್ಪಿತು. ಆದರೆ ಇಂಗ್ಲೆಂಡಿಗೆ ಕಡೆಗೂ ಮುಟ್ಟಿದ್ದು ಸುಮಾರು 9,500 ಮಾರ್ಕ್, ಒಂದು ಕಂತಿನಷ್ಟೂ ಇಲ್ಲ. ಜೇಮ್ಸ್ ಲಿನ್‌ಲಿತ್‌ಗೋ ಅರಮನೆಗೆ, ಫಿರಂಗಿಗಳಿಗೆ ಧಾರಾಳವಾಗಿ ಸುರಿದ. ಅವನು ಮಾಡಿದ ನಿಜವಾದ ಅನ್ಯಾಯ ಇದು: ತನ್ನ ಬದಲಿಗೆ ಸೆರೆ ಹೋದವರನ್ನು ಅಲ್ಲೇ ಮರೆತ.

ಅವರಲ್ಲಿ ಒಬ್ಬ ಆಥೊಲಿನ ಅರ್ಲ್ ವಾಲ್ಟರನ ಮಗ ಡೇವಿಡ್, ಇಂಗ್ಲೆಂಡಿನಲ್ಲೇ ಪ್ರಾಣಬಿಟ್ಟ. ವಾಲ್ಟರ್ ದೊರೆಗೆ ಚಿಕ್ಕಪ್ಪನಾಗಬೇಕು. 1425ರಲ್ಲಿ ಆಲ್ಬನಿಯ ಆ ಡ್ಯೂಕನ ಮಗ ಮರ್ಡಾಕ್, ಅವನ ಇಬ್ಬರು ಮಕ್ಕಳು ಮತ್ತು ಮಾವ ಲೆನಾಕ್ಸಿನ ತಲೆ ಸ್ಟರ್ಲಿಂಗಿನಲ್ಲಿ ಉರುಳಿದಾಗ ಜೇಮ್ಸನ ಬೆನ್ನಿಗೆ ನಿಂತವನು. 1427ರಲ್ಲಿ ಜೇಮ್ಸ್ ಮಾಲೀಸ್ ಗ್ರಹಾಂ ಎಂಬ ಎಳೆಯನಿಂದ ಸ್ಟ್ರಾಥರ್ನ್ ಸೀಮೆಯನ್ನು ಕಿತ್ತು ವಾಲ್ಟರನಿಗೆ ಕೊಟ್ಟ. ಆದರೆ ಜೀವಿತಾವಧಿಗೆ ಮಾತ್ರ, ಮೊಮ್ಮಗನಿಗೆ ದಕ್ಕುವಂತಿರಲಿಲ್ಲ. ಮಾಲೀಸನನ್ನು ಒತ್ತೆಯಾಳಾಗಿ ಇಂಗ್ಲೆಂಡಿಗೆ ಅಟ್ಟಿದರು. ಆ ಮಾಲೀಸನ ಚಿಕ್ಕಪ್ಪನೇ ಕೊಲೆಗಾರರ ಮುಂದಾಳು ರಾಬರ್ಟ್ ಗ್ರಹಾಂ. 1436ರಲ್ಲಿ ಇಂಗ್ಲಿಷರ ಹಿಡಿತದಲ್ಲಿದ್ದ ರಾಕ್ಸ್‌ಬರೋ ಕೋಟೆಯ ಮುತ್ತಿಗೆ ಮುರಿದುಬಿದ್ದ ಮೇಲೂ ದೊರೆ ಮತ್ತೆ ತೆರಿಗೆ ಕೇಳಿದಾಗ, ತುಂಬಿದ ಸಭೆಯಲ್ಲೇ ಅವನನ್ನು ಬಂಧಿಸಲು ಕೈಹಾಕಿ ಸೋತವನೂ ಇದೇ ಗ್ರಹಾಂ.

1437ರ ಫೆಬ್ರುವರಿ 20ರ ರಾತ್ರಿ ಪರ್ತ್ ಊರಿನ ಡೊಮಿನಿಕನ್ ಮಠದಲ್ಲಿ ದೊರೆ ತಂಗಿದ್ದ. ಒಳಗಿನಿಂದ ದಾರಿ ಬಿಟ್ಟವನು ವಾಲ್ಟರನ ಮೊಮ್ಮಗ, ಅಂದರೆ ಸೆರೆಯಲ್ಲಿ ಸತ್ತ ಡೇವಿಡನ ಮಗ ರಾಬರ್ಟ್ ಸ್ಟೂವರ್ಟ್. ದೊರೆಯ ಖಾಸಾ ಕೋಣೆಗಳು ಅವನ ಸುಪರ್ದಿನಲ್ಲಿದ್ದವು. ಸದ್ದು ಕೇಳಿದ ಜೇಮ್ಸ್ ಒಲೆಯ ಇಕ್ಕಳದಿಂದ ನೆಲದ ಹಲಗೆ ಮೀಟಿ, ಕೆಳಗಿನ ಪಾಯಖಾನೆಯ ಮೋರಿಗೆ ಇಳಿದ. ಮೋರಿಯ ಬಾಯಿ ಹೊರಗೆ ತೆರೆಯುತ್ತಿತ್ತು. ಆದರೆ ಟೆನಿಸ್ ಆಡುವಾಗ ಚೆಂಡುಗಳು ಅದರೊಳಗೆ ಉರುಳಿ ಕಳೆದುಹೋಗುತ್ತವೆಂದು, ಮೂರು ದಿನದ ಹಿಂದಷ್ಟೇ ಅವನೇ ಅದನ್ನು ಕಲ್ಲಿಟ್ಟು ಮುಚ್ಚಿಸಿದ್ದ ಎನ್ನುತ್ತದೆ ಆ ಕಾಲದ ವರದಿ. ಅಲ್ಲೇ ಇರಿದು ಕೊಂದರು.

ಆರು ವರ್ಷದ ಮಗ ಎರಡನೇ ಜೇಮ್ಸನಿಗೆ ಮಾರ್ಚ್ 25ರಂದು ಪಟ್ಟ ಕಟ್ಟಿದ್ದು ವಾಡಿಕೆಯಂತೆ ಪರ್ತ್ ಬಳಿಯ ಸ್ಕೂನಿನಲ್ಲಲ್ಲ, ಎಡಿನ್‌ಬರೋದ ಹೋಲಿರೂಡಿನಲ್ಲಿ. ಪರ್ತ್ ಸುತ್ತಮುತ್ತ ಅಷ್ಟು ಭಯವಿತ್ತು. ಅವನ ಬಗ್ಗೆ ಮುಂದೆ ಬರಹ ಪ್ರಕಟಿಸುವುದಾದರೆ, ದಯವಿಟ್ಟು ಮಾಲೀಸ್ ಗ್ರಹಾಂಗೂ ಒಂದು ಸಾಲು ಜಾಗ ಕೊಡಿ. ಅವನಿಗೆ ಬಿಡುಗಡೆಯಾದದ್ದು 1453ರಲ್ಲಿ.

– ಇತಿಹಾಸ ಅಧ್ಯಾಪಕ, ಧಾರವಾಡ