ಎರಡನೇ ಗ್ಲಾಸು, ಐದನೇ ಗ್ಲಾಸು

ಪ್ರಿಯ ಪಿಟೀಲು,

ನೀನು ಫೋನ್ ಎತ್ತಲ್ಲ. ವಾಟ್ಸಾಪಲ್ಲಿ ನೀಲಿ ಗುರುತು ಬಂದರೂ ಉತ್ತರ ಬರಲ್ಲ. ಅದಕ್ಕೇ ಹೀಗೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ನಿನಗೆ ಮೊದಲಿಂದಲೂ ಮರ್ಯಾದೆ ಜಾಸ್ತಿ. ಟವೆಲ್ ಪ್ರಕರಣ ಒಂದನ್ನು ಬಿಟ್ಟು.

ಇಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ದೀಪ ಹಾಕಬೇಕು. ಡಿಸೆಂಬರ್ ಅಂದರೆ ಹಾಗೇ. ನಿಮ್ಮಮ್ಮ ಕೇಳಿದರೆ ನಾನು ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುತ್ತೇನೆ ಅಂತಲೇ ಹೇಳು, ಅದು ಸುಳ್ಳಲ್ಲ. ಆದರೆ ತಿಂಗಳಿಗೊಂದು ಶುಕ್ರವಾರ ಸಂಜೆ ಏಳಕ್ಕೆ ನಾನು ವಿಸ್ಕಿ ಪಂಡಿತ. ನಗಬೇಡ. ಲೀತ್ ಅಂತ ಹಳೇ ಬಂದರಿನ ಏರಿಯಾ ಇದೆ. ಅಲ್ಲಿ ಒಬ್ಬರ ಮನೆಯ ಹಾಲ್‌ನಲ್ಲಿ ಎಂಟು ಜನ ಸೇರುತ್ತೇವೆ. ಹೊಸದಾಗಿ ಬಂದ ಸಿಂಗಲ್ ಕಾಸ್ಕ್ ಬಾಟಲಿಗಳನ್ನು ದುಡ್ಡು ಹಾಕಿಕೊಂಡು ತರುತ್ತೇವೆ. ಮೂಸುತ್ತೇವೆ, ಗುಟುಕರಿಸುತ್ತೇವೆ, ಚೀಟಿಯಲ್ಲಿ ಬರೆಯುತ್ತೇವೆ, ನೂರಕ್ಕೆ ಅಂಕ ಕೊಡುತ್ತೇವೆ. 'ಎಣ್ಣೆ ಹೊಡೆಯೋಕೆ ಚೀಟಿ ಯಾಕ್ಲಾ?' ಅಂತ ನೀನು ಕೇಳುತ್ತೀಯ. ಕೇಳು. ಅದಕ್ಕೇ ಈ ಪತ್ರ.

ಮೊದಲು ಈ ಸಿಂಗಲ್ ಕಾಸ್ಕ್ ಅಂದರೇನು ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು 'ಎಲ್ಲಾ ಒಂದೇ ಕಣ್ಲಾ' ಅಂತ ಸುಲಭವಾಗಿ ತಪ್ಪಿಸಿಕೊಳ್ಳುತ್ತೀಯ. ಮಾಮೂಲಿ ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯ ಎಷ್ಟೋ ಪೀಪಾಯಿಗಳ ಮಾಲನ್ನು ಬೆರೆಸಿದ್ದು. ಹೋದ ವರ್ಷದ ರುಚಿಯೇ ಈ ವರ್ಷವೂ ಬರಬೇಕಲ್ಲ, ಅದಕ್ಕೆ. ದರ್ಶಿನಿಯ ಸಾಂಬಾರ್ ಥರ, ಯಾವ ದಿನ ಹೋದರೂ ಅದೇ. ಸಿಂಗಲ್ ಕಾಸ್ಕ್ ಅಂದರೆ ಒಂದೇ ಪೀಪಾಯಿ. ಅದರಲ್ಲಿ ಎಷ್ಟಿದೆಯೋ ಅಷ್ಟೇ ಬಾಟಲಿ. ಮುಗಿದರೆ ಮುಗಿಯಿತು. ಅದೇ ದಿನ ಅದೇ ಸ್ಪಿರಿಟ್ ತುಂಬಿ ಪಕ್ಕದಲ್ಲೇ ಇಟ್ಟ ಪೀಪಾಯಿಯ ರುಚಿ ಕೂಡ ಬೇರೆ. ಒಂದೇ ಮನೆಯ ಅಣ್ಣತಮ್ಮಂದಿರ ಥರ. ನಿನ್ನನ್ನೂ ನಿನ್ನ ತಮ್ಮನನ್ನೂ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಲೆಕ್ಕ ನಿನಗೆ ಇಷ್ಟ ಅಲ್ವಾ, ತಗೋ. ಹಾಗ್ಸ್‌ಹೆಡ್ ಅನ್ನುವ ಪೀಪಾಯಿ ಸುಮಾರು 250 ಲೀಟರಿನದು. ಸಾಮಾನ್ಯವಾಗಿ 63.5 ಪರ್ಸೆಂಟ್ ಆಲ್ಕೋಹಾಲ್ ಇರುವ ಸ್ಪಿರಿಟ್ ತುಂಬಿಡುತ್ತಾರೆ. ಮರದ ಸಂದಿಯಲ್ಲಿ ವರ್ಷಕ್ಕೆ 2 ಪರ್ಸೆಂಟ್ ಆವಿಯಾಗಿ ಹೋಗುತ್ತದೆ. ಇದಕ್ಕೆ ಇವರು ಏಂಜೆಲ್ಸ್ ಷೇರ್ ಅನ್ನುತ್ತಾರೆ, ದೇವತೆಗಳ ಪಾಲು. 14 ವರ್ಷ ಕಳೆದರೆ ಉಳಿಯುವುದು 188 ಲೀಟರ್. 700 ಮಿಲಿಯ ಬಾಟಲಿಗೆ ಹಾಕಿದರೆ 270ರ ಹತ್ತಿರ. ಇಡೀ ಪ್ರಪಂಚಕ್ಕೆ ಅಷ್ಟೇ. ನಮ್ಮ ಬೆಂಗಳೂರಿನ ಬಿಸಿಗೆ ವರ್ಷಕ್ಕೆ 10–12 ಪರ್ಸೆಂಟ್ ಹಾರಿಹೋಗುತ್ತದೆ. ಅಲ್ಲಿ 14 ವರ್ಷ ಇಟ್ಟರೆ ಐವತ್ತು ಲೀಟರ್ ಉಳಿದರೆ ಪುಣ್ಯ. ಅದಕ್ಕೇ ಅಲ್ಲಿನ ವಿಸ್ಕಿ ಕಂಪನಿ ಅಮೃತ್‌ನವರು 2013ರಲ್ಲಿ 8 ವರ್ಷದ ವಿಸ್ಕಿ ತಂದಾಗ 'ಗ್ರೀಡಿ ಏಂಜೆಲ್ಸ್' ಅಂತ ಹೆಸರಿಟ್ಟರು. ನಮ್ಮ ಕಡೆ ದೇವತೆಗಳಿಗೂ ಬಾಯಾರಿಕೆ ಜಾಸ್ತಿ.

ಒಂದು ಪೀಪಾಯಿಯ ಈ ಹುಚ್ಚು ಶುರುವಾಗಿದ್ದರ ಹಿಂದೆ ಒಂದು ಕಥೆ ಇದೆ, ನಿನಗೆ ಹಿಡಿಸುತ್ತದೆ. 70ರ ದಶಕದ ಕೊನೆಯಲ್ಲಿ ಪಿಪ್ ಹಿಲ್ಸ್ ಅನ್ನುವ ಎಡಿನ್‌ಬರೋದವನೊಬ್ಬ ಗೆಳೆಯರ ಹತ್ತಿರ ದುಡ್ಡು ಸೇರಿಸಿ ಗ್ಲೆನ್‌ಫಾರ್ಕ್ಲಾಸ್ ಡಿಸ್ಟಿಲರಿಯಿಂದ ಒಂದು ಪೀಪಾಯಿ ತಂದ. ಎಲ್ಲರೂ ಹಂಚಿಕೊಂಡರು. ನೀರು ಬೆರೆಸದ, ಬಣ್ಣ ಹಾಕದ ಮಾಲು ಹೇಗಿರುತ್ತದೆ ಅಂತ ಆಗ ಗೊತ್ತಾಯಿತು. ಅದೇ ಬೆಳೆದು 1983ರಲ್ಲಿ ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿ ಆಯಿತು. ಅವರ ಬಾಟಲಿ ಮೇಲೆ ಡಿಸ್ಟಿಲರಿಯ ಹೆಸರೇ ಇರಲ್ಲ, ಬರೀ ನಂಬರು. 1.1 ಅಂದರೆ ಒಂದನೇ ಡಿಸ್ಟಿಲರಿಯ ಒಂದನೇ ಪೀಪಾಯಿ. ನಾವು ನಾಲ್ಕು ಜನ ಚಿಲ್ಲರೆ ಕೂಡಿಸಿ ಒಂದು ಫುಲ್ ತರುತ್ತಿದ್ದೆವಲ್ಲ, ಅದೇ ಕಣೋ ಇದು. ಅವರಿಗೆ ಸೊಸೈಟಿ ಆಯಿತು. ನಮಗೆ ವಾರ್ಡನ್ ನೋಟೀಸ್ ಆಯಿತು.

ಇನ್ನು ಅಂಕದ ವಿಷಯ. ಹೆಸರಿಗೆ ನೂರಕ್ಕೆ. ಆದರೆ 75ರ ಕೆಳಗೆ ಕೊಡುವ ಧೈರ್ಯ ಯಾರಿಗೂ ಇಲ್ಲ, 95ರ ಮೇಲೆ ಕೊಡುವ ಮನಸ್ಸೂ ಇಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ಇಂಟರ್ನಲ್ ಮಾರ್ಕ್ಸ್ ಥರ. 82 ಅಂದರೆ 'ಪರವಾಗಿಲ್ಲ, ಕೊಳ್ಳಬೇಡ'. 90 ಅಂದರೆ 'ಸಾಲ ಮಾಡಿಯಾದರೂ ಕೊಂಡುಕೋ'. ನಡುವಿನ ಎಂಟು ಅಂಕದ ಮೇಲೆ ಹನ್ನೊಂದು ಸಾವಿರ ರೂಪಾಯಿಯ ಬಾಟಲಿ ನಿಂತಿರುತ್ತದೆ. ಈ ಅಂಕದ ಮಾಯೆ ಸಣ್ಣದಲ್ಲ. ಅಮೃತ್ ತನ್ನ ಸಿಂಗಲ್ ಮಾಲ್ಟನ್ನು 2004ರ ಆಗಸ್ಟ್‌ನಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಲ್ಲಲ್ಲ, ಇಲ್ಲಿನ ಗ್ಲಾಸ್ಗೋದಲ್ಲಿ. ಆಮೇಲೆ ಅವರ ಫ್ಯೂಷನ್ ಅನ್ನುವ ವಿಸ್ಕಿಗೆ ಜಿಮ್ ಮರ್ರೆ ಅನ್ನುವ ಇಂಗ್ಲಿಷ್ ವಿಮರ್ಶಕ 97 ಕೊಟ್ಟ. ನೀನೂ ನಾನೂ ಮೈಸೂರು ರಸ್ತೆಯಲ್ಲಿ ಅದೆಷ್ಟು ಸಲ ಆ ಕಾರ್ಖಾನೆ ದಾಟಿ ಓಡಾಡಿದ್ದೇವೆ! ಒಂದು ದಿನ ತಿರುಗಿ ನೋಡಿದ್ದೆವಾ? 97 ಅಂತ ಪೇಪರಲ್ಲಿ ಬಂದ ಮೇಲೆ ತಾನೇ ನೀನು 'ನಮ್ಮ ಅಮೃತ್' ಅಂದಿದ್ದು?

ಸರಿ, ಹೋದ ಶುಕ್ರವಾರಕ್ಕೆ ಬರುತ್ತೇನೆ.

ಆವತ್ತು ಬ್ಲೈಂಡ್. ಯಾವ ಗ್ಲಾಸಿನಲ್ಲಿ ಏನಿದೆ ಅಂತ ಹೇಳಲ್ಲ. ಆರು ಗ್ಲಾಸು, ಮೊಗ್ಗಿನ ಆಕಾರದವು, ಕೆಳಗೆ ನಂಬರ್ ಅಂಟಿಸಿದ್ದರು. ಮೊದಲನೆಯದು ಸುಮ್ನೆ ನಾಲಿಗೆ ತೊಳೆಯುವಂಥದ್ದು. ಎರಡನೆಯದಕ್ಕೆ ನಾನು ಬರೆದಿದ್ದು ಹೀಗೆ: 'ಒದ್ದೆ ರಟ್ಟು. ಹಸಿ ಮರ. ಬಾಯಲ್ಲಿ ತೆಳು. ಬೇಗ ಮಾಯ. 82.' ಮೂರನೆಯದು ಐಲಾ ದ್ವೀಪದ್ದು, ಪೀಟ್ ಅನ್ನುವ ಜೌಗು ಮಣ್ಣು ಸುಟ್ಟ ಹೊಗೆ. ಅದನ್ನು ಕುರುಡನೂ ಹೇಳುತ್ತಾನೆ. ಆಸ್ಪತ್ರೆ ಕಾರಿಡಾರಿನಲ್ಲಿ ಯಾರೋ ಸೌದೆ ಒಲೆ ಹಚ್ಚಿದ ಹಾಗೆ. ನಾಲ್ಕನೆಯದು ಶೆರ್ರಿ ವೈನಿನ ಪೀಪಾಯಿಯದು, ಒಣದ್ರಾಕ್ಷಿ.

ಐದನೆಯದನ್ನು ಮೂಗಿಗೆ ಹಿಡಿದಾಗ ಪಕ್ಕದ ಮುದುಕ, ರಿಟೈರ್ಡ್ ಮೇಷ್ಟ್ರು, ಬಲು ಒಳ್ಳೆಯವರು, ನನ್ನ ಕಡೆ ತಿರುಗಿ 'ಇವತ್ತು ನಿನ್ನ ಕಬ್ಬು ಇನ್ನೂ ಬಂದಿಲ್ಲವಲ್ಲ' ಅಂದರು. ಎಲ್ಲರೂ ನಕ್ಕರು. ಎಲ್ಲರೂ ನನ್ನನ್ನೇ ನೋಡಿದರು. ಎರಡು ಹನಿ ನೀರು ಬಿಟ್ಟೆ. (ನೀರು ಹಾಕಿದರೆ ಪಾಪ ಅಂತ ನೀನು ಅಂದುಕೊಂಡಿದ್ದೀಯ. ಅಲ್ಲ. ಹೊಗೆ ವಾಸನೆಯ ಗ್ವಾಯಕಾಲ್ ಅನ್ನುವ ಅಣು ನೀರು ಬೆರೆತಾಗ ಮೇಲಕ್ಕೆ ತೇಲಿ ಬರುತ್ತದೆ ಅಂತ 2017ರಲ್ಲಿ ಸ್ವೀಡನ್ನಿನವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ನೀನು ಬೆರೆಸುತ್ತಿದ್ದ ಅಳತೆಗೆ ಮಾತ್ರ ಅಣು ತೇಲಲ್ಲ, ಮುಳುಗಿ ಸಾಯುತ್ತದೆ.) ಮತ್ತೆ ಮೂಸಿದೆ. ಬಂತು! ಕಬ್ಬು ಬಂತು. ಬರೆದೆ: 'ಆಲೆಮನೆ. ಕೊಪ್ಪರಿಗೆಯಲ್ಲಿ ನೊರೆ ತೆಗೆಯುವ ಹೊತ್ತು. ಆಮೇಲೆ ಪಾಕ ಗಟ್ಟಿಯಾಗುವ ವಾಸನೆ. ಕೊನೆಗೆ ಅಚ್ಚಿನ ಬಿಸಿ ಬೆಲ್ಲ. 90.' ಜೋರಾಗಿ ಓದಿ ಹೇಳಿದೆ. ಒಬ್ಬಾಕೆ ಕಣ್ಣು ಮುಚ್ಚಿಕೊಂಡು ಕೇಳಿದಳು.

ಆರನೆಯದು ಮುಗಿದ ಮೇಲೆ ಆ ಮನೆಯ ಯಜಮಾನ ಬಾಟಲಿಗಳನ್ನು ತಂದಿಟ್ಟ. ಐದೇ ಇದ್ದವು.

ಎರಡೂ ಐದೂ ಒಂದೇ. ಸ್ಪೇಸೈಡ್ ಕಡೆಯದು, 14 ವರ್ಷದ್ದು, ಒಂದೇ ಬಾಟಲಿಯಿಂದ ಸುರಿದದ್ದು.

ಅವನು ಪಾಪ ಮರ್ಯಾದಸ್ಥ. 'ಹೊಗೆ ಕುಡಿದ ಮೇಲೆ ಸಿಹಿ ಎದ್ದು ಕಾಣುತ್ತದೆ, ಎಲ್ಲರಿಗೂ ಹೀಗೇ ಆಗುತ್ತದೆ' ಅಂದ. ಅದು ನಿಜವೇ. ಉಳಿದವರಿಗೂ ಎರಡು ಮೂರು ಅಂಕದ ವ್ಯತ್ಯಾಸ ಬಂದಿತ್ತು. ಎಂಟು ಬಂದಿದ್ದು ನನ್ನೊಬ್ಬನಿಗೆ. ಎರಡನೇ ಗ್ಲಾಸಿನಲ್ಲಿ ಕಬ್ಬು ಇರಲಿಲ್ಲ ಕಣೋ. ಐದನೆಯದರಲ್ಲೂ ಇರಲಿಲ್ಲ. ಆ ಮೇಷ್ಟ್ರು ಕೇಳಿದರು, ಅದಕ್ಕೆ ಬಂತು.

ಮನೆಗೆ ನಡೆದುಕೊಂಡು ಬಂದೆ. ಬಂದವನೇ ಹಳೆಯ ಚೀಟಿಗಳನ್ನೆಲ್ಲ ತೆಗೆದು ಕೂತೆ. ಮೂರು ವರ್ಷದ್ದು. ಆಲೆಮನೆ ಅನ್ನುವ ಮಾತು 41 ಕಡೆ ಇದೆ. ಒಂದು ಕಡೆ 'ನಮ್ಮ ತಾತನ ಆಲೆಮನೆ' ಅಂತಲೇ ಬರೆದಿದ್ದೇನೆ.

ನಮ್ಮ ತಾತ ಏನಾಗಿದ್ದರು ಅಂತ ನಿನಗೆ ಗೊತ್ತು. ತುಮಕೂರಿನ ಅಂಚೆ ಕಚೇರಿಯಲ್ಲಿ ಗುಮಾಸ್ತರು. ನನಗೆ ಕಬ್ಬು ಅಂದರೆ ಸಂಕ್ರಾಂತಿಯ ತಟ್ಟೆಯಲ್ಲಿ ಎಳ್ಳುಬೆಲ್ಲದ ಪಕ್ಕ ಇರುವ ಗೇಣುದ್ದದ ತುಂಡು. ಆ ನೊರೆ, ಆ ಪಾಕ, ಆ ಅಚ್ಚು ಯಾವುದೂ ನನ್ನದಲ್ಲ, ನಿನ್ನದು. ಹಾಸ್ಟೆಲಿನಲ್ಲಿ ಕರೆಂಟ್ ಹೋದ ರಾತ್ರಿ ನೀನು ಮಲಗಿಕೊಂಡು ಹೇಳುತ್ತಿದ್ದೆ. ಬೆಂಡೆಗಿಡದ ಲೋಳೆ ಹಾಕಿ ನೊರೆ ತೆಗೆಯುವಾಗ ಒಂದು ವಾಸನೆ, ಪಾಕ ಏರುವಾಗ ಇನ್ನೊಂದು, ಅಚ್ಚಿಗೆ ಸುರಿದ ಮೇಲೆ ಮತ್ತೊಂದು. ಮೂರೂ ಬೇರೆ ಬೇರೆ ಅಂತ. ವಿಸ್ಕಿಯವರು ಮೂಗು, ನಾಲಿಗೆ, ಕೊನೆ ಅಂತ ಮೂರು ಭಾಗ ಮಾಡುತ್ತಾರಲ್ಲ, ಅದನ್ನು ನಾನು ಮೊದಲು ಕೇಳಿದ್ದು ಮದ್ದೂರು ಕಡೆಯವನ ಬಾಯಲ್ಲಿ. ಕತ್ತಲಲ್ಲಿ.

ನೀನು ಪ್ರತಿ ಸಂಕ್ರಾಂತಿಗೂ ಕರೆದೆ. ನಾನು ಬಂದಿದ್ದು ಒಂದೇ ಸಲ, ನಿಮ್ಮಪ್ಪ ಹೋದಾಗ. ಆವತ್ತು ಗಾಣ ನಿಂತಿತ್ತು. ಕೊಪ್ಪರಿಗೆ ತಣ್ಣಗಿತ್ತು, ಅದರೊಳಗೆ ಯಾರದೋ ಚಪ್ಪಲಿ ಬಿದ್ದಿತ್ತು. ನಾನು ನೋಡಿದ ಆಲೆಮನೆ ಅಂದರೆ ಅದೊಂದೇ.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಇನ್ನೊಂದಿದೆ. ಎರಡು ವರ್ಷದ ಹಿಂದೆ ನೀನು ಫೋನ್ ಮಾಡಿ 'ಆಲೆಮನೆ ಕೊಟ್ಟುಬಿಟ್ಟೆ ಕಣ್ಲಾ' ಅಂದೆ. ಕೂಲಿಯವರು ಸಿಗಲ್ಲ, ಬೆಲ್ಲದ ರೇಟ್ ಗಿಟ್ಟಲ್ಲ ಅಂತ ಏನೋ ಹೇಳುತ್ತಿದ್ದೆ. ನಾನು 'ಹೌದಾ? ಒಳ್ಳೆ ರೇಟ್ ಬಂತಾ?' ಅಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನಾನು 'ಆಮೇಲೆ ಮಾಡ್ತೀನಿ ಗುರು' ಅಂತ ಇಟ್ಟೆ. ಯಾಕೆಂದರೆ ಏಳು ಗಂಟೆ ಆಗಿತ್ತು. ಅದೂ ಒಂದು ಶುಕ್ರವಾರವೇ. ಆ ರಾತ್ರಿಯ ಚೀಟಿಯೂ ನನ್ನ ಹತ್ತಿರ ಇದೆ. ತಾತನ ಆಲೆಮನೆ ಅಂತ ಬರೆದಿದ್ದು ಅದರಲ್ಲೇ. 88 ಕೊಟ್ಟಿದ್ದೇನೆ.

ನೀನು ಫೋನ್ ಎತ್ತದೇ ಇರುವುದು ಯಾವಾಗಿಂದ ಅಂತ ಈಗ ಲೆಕ್ಕ ಹಾಕಿದೆ.

ಯಾಕೆ ಹೀಗೆ ಮಾಡಿದೆ ಅಂತ ನನ್ನನ್ನೇ ಕೇಳಿಕೊಂಡೆ. ಉತ್ತರ ದೊಡ್ಡದೇನಲ್ಲ. ಆಫೀಸಿನಲ್ಲಿ ನಾನು ಮಾತಾಡಿದರೆ ಜನ ಲ್ಯಾಪ್‌ಟಾಪ್ ನೋಡುತ್ತಾರೆ. ಫ್ಲ್ಯಾಟಿನಲ್ಲಿ ಮಾತಾಡಿದರೆ ಹೀಟರ್ ಉತ್ತರ ಕೊಡುತ್ತದೆ. ಈ ಊರಿನಲ್ಲಿ ನಾನು ಬಾಯಿ ತೆರೆಯುವುದನ್ನು ಏಳು ಜನ ಕಾಯುವ ಜಾಗ ಅದೊಂದೇ. ಅವರಿಗೆ ಕೊಡೋಕೆ ನನ್ನ ಹತ್ತಿರ ಇದ್ದಿದ್ದು ನಿನ್ನ ಬೆಲ್ಲ ಮಾತ್ರ.

ಛೇ, ಇದೇನಿದು, ಧಾರಾವಾಹಿ ಥರ ಆಯಿತು. ಹಿನ್ನೆಲೆಯಲ್ಲಿ ಕೊಳಲು ಬಾರಿಸೋದೊಂದು ಬಾಕಿ. ಓದುತ್ತಿರುವ ಉಳಿದವರಿಗೆ ಒಂದು ಮಾತು: ಇದನ್ನು ಬರೆಯುವಾಗ ನಾನು ಕುಡಿದಿರಲಿಲ್ಲ. ಕುಡಿದಿದ್ದರೆ ಇಷ್ಟು ನಿಜ ಹೇಳುತ್ತಿರಲಿಲ್ಲ. ಕುಡಿದಾಗ ನಾನು ಹೇಳುವುದು ತಾತನ ಕಥೆ ಅಂತ ಈಗ ಎಲ್ಲರಿಗೂ ಗೊತ್ತಾಯಿತಲ್ಲ.

ಕೆಲಸದ ವಿಷಯ ಕೇಳು. ಜನವರಿ ಹತ್ತಕ್ಕೆ ಬರುತ್ತಿದ್ದೇನೆ. ಏರ್‌ಪೋರ್ಟಿನಲ್ಲಿ ಎರಡು ಲೀಟರ್ ತನಕ ಬಿಡುತ್ತಾರೆ. ಆ ಎರಡನೇ-ಐದನೇ ಗ್ಲಾಸಿನ ಬಾಟಲಿ ಇನ್ನೂ ಅಂಗಡಿಯಲ್ಲಿತ್ತು, ಕೊಂಡಿದ್ದೇನೆ. 82ರದ್ದೋ 90ರದ್ದೋ ನನಗೇ ಗೊತ್ತಿಲ್ಲದ ಮಾಲು. 57 ಪರ್ಸೆಂಟ್ ಇದೆ, ಹುಷಾರು. ನೀನು ಅದಕ್ಕೆ ಸೋಡಾ ಹಾಕುತ್ತೀಯ ಅಂತ ಗೊತ್ತು. ಹಾಕು. ಕಾಂಗ್ರೆಸ್ ಕಡ್ಲೆಕಾಯಿ ನೆಂಚಿಕೋ. ನಾನು ಗೋಡೆ ಕಡೆ ತಿರುಗಿಕೊಂಡು ಕೂರುತ್ತೇನೆ. ಮೂಸಿ ನೋಡಿ ಕಬ್ಬು ಇದೆಯೋ ಇಲ್ಲವೋ ಅಂತ ಹೇಳಬೇಕಾದವನು ನೀನು. ಇಲ್ಲ ಅಂದರೆ ಇಲ್ಲ. ಆ 41 ಚೀಟಿಯನ್ನೂ ತರುತ್ತೇನೆ, ಒಲೆಗೆ ಆಗುತ್ತದೆ.

ನಿಮ್ಮೂರ ಸುತ್ತ ಯಾರದಾದರೂ ಆಲೆಮನೆ ಇನ್ನೂ ನಡೆಯುತ್ತಿದೆಯಾ? ಇದ್ದರೆ ಒಂದು ಬೆಳಗ್ಗೆ ಕರೆದುಕೊಂಡು ಹೋಗು. ಚೀಟಿ ತರಲ್ಲ, ಪೆನ್ಸಿಲ್ ತರಲ್ಲ. ನಿಮ್ಮಮ್ಮನಿಗೆ ಹೇಳು, ಬಸ್ಸಾರು ಸಾಕು, ಮಟನ್ ಬೇಡ ಅಂತ. ಬೇಡ ಅಂತ ಜೋರಾಗಿ ಏನೂ ಹೇಳಬೇಡ.

ಫೋನ್ ಎತ್ತೋ.

ನಿನ್ನ,
ಬಾಣಲೆ

ತಾಜಾ ಕಲಂ: ಈ ಸಲ ಟವೆಲ್ ನಾನೇ ತರುತ್ತೇನೆ.