ಮೊದಲ ಎರಡು ಮೂರು ದಿನ ಕಷ್ಟ, ಪುಟ್ಟಿ

ಮೂಡಿಗೆರೆ

ಪ್ರೀತಿಯ ಪುಟ್ಟಿ,

ಸಮುದ್ರ ಸಂಶೋಧನೆಯ 'ಸಿಂಧು ಸಾಧನ' ಹಡಗಿಗೆ ನೀನು ಹೋಗುತ್ತಿದ್ದೀಯ ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ತುಂಬಾ ಖುಷಿಯಾಯಿತು. ನಾನೂ ಹಡಗಿನಲ್ಲಿ ದುಡಿದವನಲ್ವಾ, ನಾಲ್ಕು ಮಾತು ಹೇಳದೆ ಇರಲಾರೆ.

ಮೊದಲ ಎರಡು ಮೂರು ದಿನ ವಾಂತಿ ಆಗಬಹುದು. ನಾಚಿಕೊಳ್ಳಬೇಡ. ಕ್ಯಾಬಿನ್ ನಿಂತೇ ಇದೆ ಅನ್ನುತ್ತದೆ ಕಣ್ಣು, ಇಲ್ಲ ಅಲ್ಲಾಡುತ್ತಿದೆ ಅನ್ನುತ್ತದೆ ಒಳಕಿವಿ. ಈ ಜಗಳಕ್ಕೇ ಹೊಟ್ಟೆ ತೊಳಸುವುದು. ಡಾಕ್ಟರನ್ನು ಕೇಳಿ ಮಾತ್ರೆ ತಂದಿಟ್ಟುಕೋ, ಹಡಗು ಹೊರಡುವ ಮೊದಲೇ ನುಂಗು. ಶುರುವಾದ ಮೇಲೆ ನುಂಗಿದರೆ ಅದೂ ವಾಂತಿಯಲ್ಲಿ ಹೋಗುತ್ತದೆ. ಡೆಕ್ಕಿಗೆ ಬಂದು ದೂರಕ್ಕೆ, ನೀರು ಆಕಾಶ ಸೇರುವ ಕಡೆ ನೋಡು. ಹಡಗಿನ ಮಧ್ಯದಲ್ಲಿ ಅಲ್ಲಾಟ ಕಡಿಮೆ. ಹೊಟ್ಟೆ ಮಾತ್ರ ಖಾಲಿ ಬಿಡಬೇಡ. ಲೈಫ್ ಜಾಕೆಟ್ ಡ್ರಿಲ್ಲಿಗೆ ಎಷ್ಟೇ ಸುಸ್ತಿದ್ದರೂ ಎದ್ದು ಹೋಗು.

ಇನ್ನು ಕೆಲಸದ ಮಾತು. ಸಿಟಿಡಿ, ಅಂದರೆ ನೀರಿನ ಉಪ್ಪು, ಬಿಸಿ, ಆಳ ಅಳೆಯುವ ಯಂತ್ರ, ಮೇಲೆ ಬಂದಾಗ ಆಳದ ನೀರು ತುಂಬಿಕೊಂಡ ಅದರ ಬಾಟಲಿ ಮುಟ್ಟಿ ನೋಡು. ಮೇಲಿನ ನೀರು 28 ಡಿಗ್ರಿ ಇದ್ದರೆ 2000 ಮೀಟರ್ ಆಳದಲ್ಲಿ ಸುಮಾರು 3 ಡಿಗ್ರಿ. ಕೈ ಜುಮ್ಮೆನ್ನುತ್ತದೆ. ಆ ಬಾಟಲಿಯಿಂದ ಆಮ್ಲಜನಕ ಅಳೆಯುವ ನೀರಿನ ಸ್ಯಾಂಪಲ್ಲನ್ನೇ ಮೊದಲು ಹಿಡಿಯಬೇಕು. ಟ್ಯೂಬನ್ನು ಸೀಸೆಯ ತಳಕ್ಕೆ ಮುಟ್ಟಿಸು, ನೀರು ನಿಧಾನಕ್ಕೆ ತುಂಬಿ ಹೊರಚೆಲ್ಲಲಿ, ಒಂದು ಗುಳ್ಳೆಯೂ ಉಳಿಯಬಾರದು. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್‌ವರೆಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅಂಥ ನೀರಿಗೆ ಒಂದು ಗುಳ್ಳೆ ಸೇರಿದರೂ ಲೆಕ್ಕ ಕೆಟ್ಟುಹೋಯಿತು.

ಸೀಸೆಯ ನಂಬರು, ಆಳ, ಹೊತ್ತು ಎಲ್ಲ ಅಲ್ಲೇ ನಿಂತು ಬರಿ. ಆಮೇಲೆ ಬರೆದರಾಯಿತು ಅಂತ ಸುಮ್ನೆ ಬರಬೇಡ. ನಮ್ಮ ತೋಟದ ಮಳೆ ಪುಸ್ತಕ ನೋಡಿದ್ದೀಯಲ್ಲ, ಬೆಳಿಗ್ಗೆ ಅಳೆದು ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಬರೆಯುತ್ತೇವೆ. ಅಳೆಯದ ದಿನ ಖಾಲಿ ಬಿಡುತ್ತೇವೆ, ಪಕ್ಕದ ತೋಟದ ಲೆಕ್ಕ ತಂದು ತುಂಬುವುದಿಲ್ಲ. ನೀನೂ ಹಾಗೇ ಮಾಡು. ತಪ್ಪಿದ ಸ್ಯಾಂಪಲ್ ತಪ್ಪಿತು ಅಂತಲೇ ಬರಿ. ಹಡಗು ಮುಂದಿನ ಸ್ಟೇಷನ್ನಿಗೆ, ಅಂದರೆ ನೀರು ಹಿಡಿಯುವ ಮುಂದಿನ ಜಾಗಕ್ಕೆ, ಹೊರಟ ಮೇಲೆ ನಿನ್ನೊಬ್ಬಳಿಗೋಸ್ಕರ ಹಿಂದಕ್ಕೆ ತಿರುಗುವುದಿಲ್ಲ.

ರಾತ್ರಿ ಪಾಳಿಯಲ್ಲಿ ನಿಲ್ಲಲಾಗದಿದ್ದರೆ ಬಾಯಿಬಿಟ್ಟು ಹೇಳು, ಬೇರೆಯವರು ನಿಲ್ಲುತ್ತಾರೆ. ಹೇಳದೆ ತಪ್ಪಾಗಿ ಹಿಡಿದರೆ ಎಲ್ಲರ ದುಡಿಮೆಯೂ ಹಾಳು. ಹಡಗಿನ ಹಳಬರು ಹಗ್ಗ ಮುಟ್ಟಬೇಡ ಅಂದರೆ ಮುಟ್ಟಬೇಡ, ಯಾಕೆ ಅಂತ ಆಮೇಲೆ ಕೇಳು.

ಗೋವಾ ಬಿಡುವ ಮೊದಲು ಅಜ್ಜಿಗೊಂದು ಫೋನ್ ಮಾಡು. ನಡುಸಮುದ್ರದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ ಅಂತ ನೀನೇ ಹೇಳಿಬಿಡು, ನಾನು ಹೇಳಿದರೆ ಅವರು ನಂಬುವುದಿಲ್ಲ.

ನಿನ್ನ
ದೊಡ್ಡಪ್ಪ