ವೈವಾ ಮುಗೀತು, ಇನ್ನು ಥ್ಯಾಂಕ್ಸ್ ಹೇಳೋದು ಬಾಕಿ

ನಿನ್ನೆ ಮಧ್ಯಾಹ್ನ ನನ್ನ ಪಿಎಚ್‌ಡಿ ವೈವಾ ಮುಗೀತು. ಥೀಸಿಸ್‌ನ ಮೊದಲಲ್ಲಿ ಕೃತಜ್ಞತೆ ಅಂತ ಒಂದು ಪುಟ ಇದೆ, ಅದೂ ಇಂಗ್ಲಿಷಲ್ಲಿ, ಅದರಲ್ಲಿ ಬರೀ ಹೆಸರುಗಳಿವೆ, ಯಾರಿಗೆ ಯಾಕೆ ಅನ್ನೋದು ಇಲ್ಲ. ರಾತ್ರಿಯೆಲ್ಲ ಅದೇ ಕೊರೀತಿತ್ತು, ಅದಕ್ಕೆ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗತ್ತೆ, ಓದಿ.

ಮೊದಲು ಅಮ್ಮಂಗೆ. ಪ್ರತಿ ಸಲ ಫೋನ್ ಮಾಡಿದಾಗ್ಲೂ "ಆ ಹೂವಿನ ಧೂಳಲ್ಲಿ ಇಷ್ಟ್ ವರ್ಷ ನೋಡೋಕೆ ಏನಿದ್ಯೇ?" ಅಂತ ಕೇಳ್ತಿದ್ಲು, ಕೇಳಿ ಸುಮ್ನಾಗದೆ ನಾನು ಹೇಳೋದನ್ನ ಪೂರ್ತಿ ಕೇಳಿಸ್ಕೊಳ್ತಿದ್ಲು. ಅಮ್ಮಾ, ನಿನಗೆ ಹೇಳ್ತಾ ಹೇಳ್ತಾನೇ ನಂಗೂ ವಿಷಯ ತಿಳಿಯಾಗಿದ್ದು. ಪರಾಗ ಅಂದ್ರೆ ಧೂಳಲ್ಲ, ಅದು ಎರಡೋ ಮೂರೋ ಜೀವಕೋಶ ಇರೋ ಒಂದು ಪೂರ್ತಿ ಗಂಡು ಜೀವ. ಪರಾಗಕೋಶದೊಳಗೆ ತಾಯಿ ಕೋಶ ಮಿಯೋಸಿಸ್ ಅನ್ನೋ ವಿಭಜನೆ ಆಗಿ ನಾಲ್ಕಾಗತ್ತೆ, ಆ ನಾಲ್ಕೂ ಕ್ಯಾಲೋಸ್ ಅನ್ನೋ ಗೋಡೆಯೊಳಗೆ ಒಂದಕ್ಕೊಂದು ಅಂಟ್ಕೊಂಡು ಕೂತಿರತ್ತೆ. ಸುತ್ತ ಟಪೀಟಮ್ ಅಂತ ಒಂದು ಪದರ ಇದೆ, ಅದು ಒಂದು ಎಂಜೈಮ್ ಬಿಡತ್ತೆ, ಕ್ಯಾಲೋಸ್ ಕರಗತ್ತೆ, ನಾಲ್ಕೂ ಬೇರೆ ಆಗತ್ತೆ. ಪರಾಗದ ಹೊರಗೋಡೆ ಕಟ್ಟೋಕೆ ಬೇಕಾದ ಸ್ಪೋರೋಪೊಲೆನಿನ್‌ನ ಸಾಮಾನೂ ಟಪೀಟಮ್ಮಿಂದಾನೇ ಬರೋದು. ಆ ಗೋಡೆ ಎಷ್ಟು ಗಟ್ಟಿ ಅಂದ್ರೆ ಆಸಿಡ್‌ಗೂ ಜಗ್ಗಲ್ಲ, ಕೋಟ್ಯಂತರ ವರ್ಷದ ಹಳೇ ಪರಾಗ ಇವತ್ತಿಗೂ ಬಂಡೆಯೊಳಗೆ ಸಿಗೋದು ಅದಕ್ಕೇ. ಕೆಲಸ ಮುಗಿದ್ಮೇಲೆ ಟಪೀಟಮ್ ತಾನಾಗೇ ಸಾಯತ್ತೆ, ಅದರಲ್ಲಿ ಉಳಿದಿದ್ದೇ ಪರಾಗದ ಮೈಮೇಲೆ ಜಿಡ್ಡಿನ ಹಾಗೆ ಮೆತ್ಕೊಳ್ಳತ್ತೆ. ಸಾವು ಬೇಗ ಬಂದ್ರೂ ಕಷ್ಟ, ತಡವಾದ್ರೂ ಕಷ್ಟ, ಪರಾಗ ಹಾಳಾಗತ್ತೆ.

ಈ ಹೊತ್ತನ್ನ ಕಾಯೋದು ಪ್ರೋಟೀನ್‌ಗಳು. ನಾನು ಇಟ್ಕೊಂಡಿದ್ದ ಗಿಡ ಅರಾಬಿಡಾಪ್ಸಿಸ್, ಸಾಸಿವೆ ಕುಟುಂಬದ್ದು. ಅದರ ಟಪೀಟಮ್ಮಲ್ಲಿ ಡಿವೈಟಿ1, ಟಿಡಿಎಫ್1, ಎಎಂಎಸ್, ಎಂಎಸ್188, ಎಂಎಸ್1 ಅಂತ ಐದು ಪ್ರೋಟೀನ್‌ಗಳು ಒಂದರ ಹಿಂದೊಂದು ಜೀನ್‌ಗಳನ್ನ ಆನ್ ಮಾಡ್ತಾ ಹೋಗತ್ತೆ, ಮೇಲಿಂದು ಕೆಟ್ರೆ ಕೆಳಗಿನವು ಸರಿಯಾಗಿ ಏಳೋದೇ ಇಲ್ಲ. ಆ ಸಾಲಿನ ಕೆಳಗೆ ಗೋಡೆಯ ಸಾಮಾನು ತಯಾರಿಸೋ ಒಂದು ಪ್ರೋಟೀನ್ ನನ್ನದು, ಹೆಸರು ಪೇಪರ್ ಬಂದ್ಮೇಲೆ ಹೇಳ್ತೀನಿ.

ಆಮೇಲೆ ನಮ್ಮ ಲ್ಯಾಬಿನ ಅಣ್ಣಂಗೆ. ಅವರಿಗೆ ಡಿಗ್ರಿ ಇಲ್ಲ, ಆದ್ರೆ ಮೊಗ್ಗು ಬಿಡಿಸೋದನ್ನ ಅವರಷ್ಟು ಚೆನ್ನಾಗಿ ಮಾಡೋರನ್ನ ನಾನು ನೋಡಿಲ್ಲ. ಮೊದಲ ಆರು ತಿಂಗಳು ನಾನು ಕತ್ತರಿಸಿದ ಪರಾಗಕೋಶ ಎಲ್ಲಾ ಹಳದಿ ಬಣ್ಣದ್ದು, ಅಂದ್ರೆ ಆಗ್ಲೇ ಹೊತ್ತು ಮೀರಿದ್ದು. "ದೊಡ್ಡ ಮೊಗ್ಗಿಂದ ಒಳಗಡೆಗೆ ಎಣಿಸ್ಕೊಂಡು ಹೋಗಮ್ಮ, ಇನ್ನೂ ಗಾಜಿನ ಥರ ಕಾಣೋದು ಬರತ್ತಲ್ಲ, ಅಲ್ಲಿ ನಿಲ್ಲು" ಅಂದ್ರು. ಅರ್ಧ ಮಿಲಿಮೀಟರ್‌ಗೂ ಚಿಕ್ಕ ಪರಾಗಕೋಶ ಅದು, ಫೋರ್ಸೆಪ್ಸ್ ಸ್ವಲ್ಪ ಒತ್ತಿದ್ರೆ ನಜ್ಜುಗುಜ್ಜು. ಅವರು ನನ್ನ ಮಣಿಕಟ್ಟನ್ನ ಟೇಬಲ್ ಮೇಲೆ ಊರಿಸಿ, ಉಸಿರು ಬಿಟ್ಟಾದ್ಮೇಲೆ ಚುಚ್ಚು ಅಂತ ಹೇಳ್ಕೊಟ್ರು. ಈಗ್ಲೂ ನಾನು ಉಸಿರು ಬಿಟ್ಟೇ ಚುಚ್ಚೋದು.

ಈಗ ಕಷ್ಟದ ಮಾತು. ಮೂರನೇ ವರ್ಷ ನನ್ನ ಮ್ಯೂಟೆಂಟ್ ಗಿಡದ, ಅಂದ್ರೆ ಆ ಪ್ರೋಟೀನಿನ ಜೀನ್ ಕೆಟ್ಟಿರೋ ಗಿಡದ ಪರಾಗಕ್ಕೆ ಅಲೆಕ್ಸಾಂಡರ್ ಸ್ಟೇನ್ ಅನ್ನೋ ಬಣ್ಣ ಹಾಕಿದ್ರೆ ಹೆಚ್ಚುಕಡಿಮೆ ಅರ್ಧ ಹಸಿರು ಬರ್ತಿತ್ತು. ಬದುಕಿರೋ ಪರಾಗ ಕೆಂಪು ನೇರಳೆ ಆಗತ್ತೆ, ಒಳಗೆ ಏನೂ ಇಲ್ಲದ್ದು ಬರೀ ಹಸಿರು ಚಿಪ್ಪು. ನಂಗಂತೂ ಖುಷಿಯೋ ಖುಷಿ, ನಮ್ಮ ಪ್ರೋಟೀನ್ ಇಲ್ಲದೆ ಪರಾಗ ಬದುಕಲ್ಲ ಅಂತ ಒಂದು ಅಧ್ಯಾಯ ಪೂರ್ತಿ ಬರೆದಿಟ್ಟೆ. ಆಗ ಲ್ಯಾಬಿಗೆ ಹೊಸದಾಗಿ ಸೇರಿದ್ದ ಹುಡುಗಿ ಒಂದಿನ ಗಿಡ ಬೆಳೆಸೋ ಗ್ರೋತ್ ಚೇಂಬರಿನ ಕೆಳಗಿನ ತಟ್ಟೆಯಲ್ಲಿ ಜಾಗ ಸಾಲದೆ ಕಂಟ್ರೋಲ್ ಗಿಡಗಳನ್ನ, ಅಂದ್ರೆ ಹೋಲಿಸಿ ನೋಡೋಕೆ ಇಟ್ಟ ಮಾಮೂಲಿ ಗಿಡಗಳನ್ನ, ಮೇಲಿನ ತಟ್ಟೆಗೆ ಇಟ್ಟಿದ್ಲು, ಕೆಲವು ವಾರ ಆದ್ಮೇಲೆ ಬಂದು ತುಂಬಾ ಹೆದರ್ಕೊಂಡು "ಅಕ್ಕಾ, ಕಂಟ್ರೋಲಲ್ಲೂ ಹಸಿರು ಕಾಣ್ತಿದೆ, ನಾನೇ ಏನೋ ತಪ್ ಮಾಡಿರ್ಬೇಕು" ಅಂದ್ಲು. ಅವಳೇನೂ ತಪ್ಪು ಮಾಡಿರ್ಲಿಲ್ಲ. ಗ್ರೋತ್ ಚೇಂಬರಿನ ಡಿಸ್ಪ್ಲೇ 22 ಡಿಗ್ರಿ ಅಂತಿತ್ತು, ಮೇಲಿನ ತಟ್ಟೆಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದ್ರೆ ಹಗಲು ಹೊತ್ತು 31. ಪರಾಗಕೋಶದಲ್ಲಿ ಶಾಖಕ್ಕೆ ಬೇಗ ಸೋಲೋದು ಟಪೀಟಮ್ಮೇ. ನನ್ನ ಮ್ಯೂಟೆಂಟ್‌ಗಳು 14 ತಿಂಗಳು ಅದೇ ತಟ್ಟೆ ಮೇಲೆ ಇದ್ವು.

ತಂಗೀ, ನೀನು ಅವತ್ತು ಸುಮ್ನಿದ್ದಿದ್ರೆ ನಾನು ಆ ಅಧ್ಯಾಯಾನ ಹಾಗೇ ಕೊಟ್ಬಿಡ್ತಿದ್ದೆ. ಸೀನಿಯರ್ ತಪ್ಪು ಅಂತ ಬಾಯಿಬಿಟ್ಟು ಹೇಳೋದು ಎಷ್ಟು ಕಷ್ಟ ಅಂತ ನಂಗೊತ್ತು, ನಿನ್ನ ಜಾಗದಲ್ಲಿ ನಾನೂ ಇದ್ದವಳೇ. ಈ ಥೀಸಿಸ್‌ನಲ್ಲಿ ಸುಳ್ಳು ಇಲ್ಲ ಅಂದ್ರೆ ಅದು ನಿನ್ನಿಂದ.

ಗೈಡ್ ಮೇಡಂಗೆ ವಿಷಯ ಹೇಳೋಕೆ ನಂಗೆ ಎರಡು ದಿನ ಬೇಕಾಯ್ತು. ಅವರು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ, "ಬೀಜ ಇದ್ಯಲ್ಲ? ನಾಳೆ ಬಿತ್ತು" ಅಂದ್ರು, ಅಷ್ಟೇ. ಆಮೇಲೆ ಒಂದು ಸಲಾನೂ ಆ 14 ತಿಂಗಳ ಮಾತು ಎತ್ಲಿಲ್ಲ ಮೇಡಂ ನೀವು. ಫೆಲೋಶಿಪ್ ಮುಗಿದಾಗ ಎಷ್ಟು ಬಾಗಿಲು ತಟ್ಟಿದ್ರಿ ಅನ್ನೋದು ನಂಗೆ ಬೇರೆಯವರಿಂದ ಗೊತ್ತಾಗಿದ್ದು.

ಹೊಸ ಗಿಡದಲ್ಲಿ ಹಸಿರು ಚಿಪ್ಪು ಹೋಯ್ತು, ಪರಾಗ ಬದುಕಿತ್ತು. ಮೊದಮೊದಲು ಏನೂ ಉಳೀಲಿಲ್ಲ ಅನ್ನಿಸ್ತು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸೋ ಸರ್ ತಮ್ಮ ಕೆಲಸದ ಹೊತ್ತು ಮುಗಿದ್ಮೇಲೂ ಕೂತು ತೋರಿಸಿದ್ರು. ಮಾಮೂಲಿ ಪರಾಗದ ಮೇಲೆ ಜೇನುಗೂಡಿನ ಥರ ಒಂದು ಬಲೆ ಇರತ್ತೆ, ಉದ್ದಕ್ಕೆ ಮೂರು ಸೀಳು ಬಿಟ್ಟು ಮೈತುಂಬ ಅದೇ. ನಮ್ಮದರಲ್ಲಿ ಬಲೆ ಅಲ್ಲಲ್ಲಿ ಹರಿದಿತ್ತು, ಕೆಲವು ಕಡೆ ಎಳೆ ಶುರುವಾಗಿ ಅರ್ಧಕ್ಕೇ ನಿಂತಿತ್ತು. ಸರ್ ಏನೂ ಹೇಳ್ದೆ ಫೋಕಸ್ ಸರಿ ಮಾಡಿ ಕುರ್ಚಿ ನನ್ನ ಕಡೆ ತಿರುಗಿಸಿದ್ರು. ಆ ಚಿತ್ರಾನೇ ನಿನ್ನೆ ವೈವಾದಲ್ಲಿ ಅತಿ ಹೆಚ್ಚು ಹೊತ್ತು ಸ್ಕ್ರೀನ್ ಮೇಲಿದ್ದಿದ್ದು.

ಇನ್ನೊಂದು ಥ್ಯಾಂಕ್ಸ್, ಮುಖ ನೋಡದೇ ಇರೋರಿಗೆ. ಹೋಲಿಸಿ ನೋಡೋಕೆ ಬೇಕಾದ ಮ್ಯೂಟೆಂಟ್ ಬೀಜಗಳನ್ನ ಹಂಚೋ ಸ್ಟಾಕ್ ಸೆಂಟರಿನವರು, ಬೀಜ ಕೊಟ್ಟ ವಿಜ್ಞಾನಿಗಳು. ಕ್ಯೂಆರ್‌ಟಿ1 ಅನ್ನೋ ಎಂಜೈಮ್ ಇಲ್ಲದಿದ್ರೆ ನಾಲ್ಕನ್ನೂ ಅಂಟಿಸಿರೋ ಪೆಕ್ಟಿನ್ ಬಿಡಲ್ಲ, ನಾಲ್ಕು ಪರಾಗ ಕೊನೇವರೆಗೂ ಜೊತೆಗೇ ಅಂಟ್ಕೊಂಡೇ ಬೆಳೆಯತ್ತೆ, ಹಾಗಿದ್ರೂ ಬೀಜ ಕಟ್ಟತ್ತೆ. ಐಎನ್‌ಪಿ1 ಅನ್ನೋ ಪ್ರೋಟೀನ್ ಇಲ್ಲದಿದ್ರೆ ಆ ಮೂರು ಸೀಳೇ ಮೂಡಲ್ಲ, ಪರಾಗ ಗುಂಡಗೆ ಇರತ್ತೆ. ಮನಸ್ಸು ಸರಿ ಇಲ್ಲದ ದಿನ ನಾನು ಕ್ಯೂಆರ್‌ಟಿ1 ಸ್ಲೈಡ್ ಹಾಕ್ಕೊಂಡು ಸುಮ್ನೆ ನೋಡ್ತಾ ಕೂರ್ತಿದ್ದೆ, ನಾಲ್ಕು ನಾಲ್ಕರ ಗುಂಪು, ಎಷ್ಟು ಚೆಂದ ಗೊತ್ತಾ.

ಸೋಮವಾರ ನನ್ನ ಬೀಜದ ಕವರ್‌ಗಳನ್ನೆಲ್ಲ ತಂಗಿ ಕೈಗೆ ಕೊಡ್ತೀನಿ. ಮೇಲಿನ ತಟ್ಟೆಗೆ ಇಟ್ಟ ಥರ್ಮಾಮೀಟರ್ ಈಗ್ಲೂ ಅಲ್ಲೇ ಇದೆ, ಅಣ್ಣ ಅದಕ್ಕೊಂದು ದಾರ ಕಟ್ಟಿಟ್ಟಿದ್ದಾರೆ, ಬೀಳದೇ ಇರ್ಲಿ ಅಂತ.